ಘೋಸ್ಟ್ ಇನ್ ದ ಶೆಲ್: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡ

ಘೋಸ್ಟ್ ಇನ್ ದ ಶೆಲ್ ನೋಡೋಣ ಅಂತ ಹುಡುಕಿದರೆ ಆ ಹೆಸರಿನಲ್ಲಿ ಒಂದು ರಾಶಿಯೇ ಎದುರಾಗುತ್ತದೆ. 1995ರ ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಸಿನಿಮಾ ಒಂದು. ಅದನ್ನೇ ಅಲ್ಲಲ್ಲಿ ಬದಲಿಸಿ 2008ರಲ್ಲಿ ಬಿಟ್ಟ 2.0 ಇನ್ನೊಂದು. 2004ರ ಇನ್ನೊಸೆನ್ಸ್ ಇದೆ. 2002ರಲ್ಲಿ ಶುರುವಾದ ಟಿವಿ ಸರಣಿ ಇದೆ. ಇವುಗಳ ನಡುವೆ 2017ರ ಹಾಲಿವುಡ್ ಸಿನಿಮಾ ಇದೆ. ಇದರಲ್ಲಿ ಚಿತ್ರಗಳ ಬದಲು ನಟರಿದ್ದಾರೆ, ಮುಖ್ಯ ಪಾತ್ರದಲ್ಲಿ ಸ್ಕಾರ್ಲೆಟ್ ಜೊಹಾನ್ಸನ್. ಯಾವುದರಿಂದ ಶುರು ಮಾಡಬೇಕು ಅಂತ ಹೊಸಬರು ಗೊಂದಲಕ್ಕೆ ಬೀಳುವುದು ಸಹಜ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ನೋಡುವುದಾದರೆ 1995ರದು. ಎರಡು ನೋಡುವುದಾದರೆ 1995ರದು ಮೊದಲು, 2017ರದು ಆಮೇಲೆ. 2.0 ನೋಡದಿದ್ದರೂ ನಷ್ಟವಿಲ್ಲ. ಟಿವಿ ಸರಣಿ ಹಿಡಿಸುವವರ ರುಚಿ ಸ್ವಲ್ಪ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಈ ಅನಿಮೆ ನನಗೆ ತುಂಬಾ ಹತ್ತಿರದ್ದು. ಹಾಗಾಗಿ ಇದು ಅಭಿಮಾನಿಯ ತೀರ್ಪು ಅಂತಲೇ ಓದಿಕೊಳ್ಳಿ. ಆದರೆ 2017ರ ಚಿತ್ರವನ್ನು ಸುಮ್ನೆ ಬೈದು ಪಕ್ಕಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಪ್ರೀತಿಯಿಂದ ಮಾಡಿದ ಕೆಲಸ ಬೇಕಾದಷ್ಟಿದೆ. ಅದು ದಾರಿ ತಪ್ಪಿದ್ದು ಎಲ್ಲಿ ಅಂತ ಸರಿಯಾಗಿ ನೋಡಿದರೆ ಮೂಲ ಚಿತ್ರ ಯಾಕೆ ಅಷ್ಟು ದೊಡ್ಡದು ಅನ್ನುವುದೂ ಗೊತ್ತಾಗುತ್ತದೆ. ಎರಡರ ಕಥೆಯ ಗುಟ್ಟನ್ನೂ ಮುಂದೆ ಬಿಟ್ಟುಕೊಟ್ಟಿದ್ದೇನೆ. ಗೊತ್ತಾಗುವುದು ಬೇಡ ಅನ್ನುವವರು ಮೊದಲು 1995ರದನ್ನು ನೋಡಿ ಬನ್ನಿ, 82 ನಿಮಿಷ ಅಷ್ಟೇ.

ಒಂದೇ ಹೆಸರು, ಎರಡು ಪ್ರಶ್ನೆ

ಎಲ್ಲಕ್ಕೂ ಬೇರು ಮಸಮುನೆ ಶಿರೊ 1989ರಲ್ಲಿ ಬರೆಯಲು ಶುರು ಮಾಡಿದ ಮಂಗಾ, ಅಂದರೆ ಜಪಾನೀ ಕಾಮಿಕ್ಸ್. ಅದನ್ನು 1995ರಲ್ಲಿ ಮಮೊರು ಒಶಿಯಿ ಸಿನಿಮಾ ಮಾಡಿದರು. ಚಿತ್ರಕಥೆ ಕಝುನೊರಿ ಇತೊ ಅವರದು, ಸಂಗೀತ ಕೆಂಜಿ ಕವಾಯ್ ಅವರದು, ತಯಾರಿಸಿದ್ದು ಪ್ರೊಡಕ್ಷನ್ ಐ.ಜಿ. ಸ್ಟುಡಿಯೊ. ಮಂಗಾದಲ್ಲಿ ತಮಾಷೆ, ಗಲಾಟೆ ಜಾಸ್ತಿ. ಒಶಿಯಿ ಅದನ್ನೆಲ್ಲ ತೆಗೆದು, ತಣ್ಣಗಿನ, ಮಳೆಯಲ್ಲಿ ನೆನೆದ, ಮೌನ ತುಂಬಿದ ಚಿತ್ರ ಮಾಡಿದರು. ಜಪಾನಿನ ಥಿಯೇಟರುಗಳಲ್ಲಿ ಅದೇನೂ ಭಾರಿ ಸದ್ದು ಮಾಡಲಿಲ್ಲ. ಆದರೆ 1996ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ವಿಡಿಯೊ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1999ರ ದ ಮೇಟ್ರಿಕ್ಸ್ ಮಾಡಿದ ವಾಚೊವ್ಸ್ಕಿಗಳು ನಿರ್ಮಾಪಕರಿಗೆ ಇದನ್ನೇ ತೋರಿಸಿ, ನಮಗೆ ಇಂಥದ್ದನ್ನು ನಿಜದ ನಟರ ಜೊತೆ ಮಾಡಬೇಕು ಅಂದಿದ್ದರು. ಪರದೆಯ ಮೇಲೆ ಸುರಿಯುವ ಹಸಿರು ಅಕ್ಷರಗಳು, ಕತ್ತಿನ ಹಿಂದೆ ಚುಚ್ಚುವ ಕೇಬಲ್ಲು, ಎಲ್ಲ ಇಲ್ಲಿಂದಲೇ ಹೋದದ್ದು.

ಕಥೆ ನಡೆಯುವುದು 2029ರಲ್ಲಿ. ಮೇಜರ್ ಮೊಟೊಕೊ ಕುಸನಗಿ ಸರ್ಕಾರದ ಸೆಕ್ಷನ್ 9 ಅನ್ನುವ ಗುಪ್ತ ಪಡೆಯಲ್ಲಿದ್ದಾಳೆ. ಮೆದುಳು ಬಿಟ್ಟರೆ ಉಳಿದ ದೇಹವೆಲ್ಲ ಕಾರ್ಖಾನೆಯಲ್ಲಿ ತಯಾರಾದದ್ದು. ಒಳಗಿರುವ ‘ನಾನು’ ಅನ್ನುವುದನ್ನು ಇವರು ಘೋಸ್ಟ್ ಅನ್ನುತ್ತಾರೆ, ದೇಹ ಬರೀ ಶೆಲ್. ಜನರ ಮೆದುಳಿಗೇ ಕನ್ನ ಹಾಕುವ ಪಪೆಟ್ ಮಾಸ್ಟರ್ ಅನ್ನುವ ಹ್ಯಾಕರನ ಬೆನ್ನು ಹತ್ತುವುದು ಅವಳ ಕೆಲಸ. ಹಿಡಿದ ಮೇಲೆ ಗೊತ್ತಾಗುತ್ತದೆ, ಅದು ಮನುಷ್ಯನೇ ಅಲ್ಲ. ಸರ್ಕಾರವೇ ಬೇಹುಗಾರಿಕೆಗೆ ಅಂತ ಮಾಡಿಕೊಂಡ ಪ್ರೋಗ್ರಾಂ. ಜಾಲದಲ್ಲಿ ಅಲೆಯುತ್ತ ಅದಕ್ಕೆ ತಾನೂ ಒಂದು ಜೀವ ಅನ್ನುವ ಅರಿವು ಬಂದಿದೆ. ನನಗೆ ರಾಜಕೀಯ ಆಶ್ರಯ ಕೊಡಿ ಅಂತ ಅದು ಕೇಳುತ್ತದೆ. ಕೊನೆಗೆ ಮೊಟೊಕೊ ಎದುರು ಒಂದು ಬೇಡಿಕೆ ಇಡುತ್ತದೆ: ನಾವಿಬ್ಬರೂ ಸೇರಿ ಒಂದಾಗೋಣ. ತನ್ನ ನಕಲು ಮಾಡಿಕೊಳ್ಳಲು ಅದಕ್ಕೆ ಬರುತ್ತದೆ, ಆದರೆ ನಕಲು ಸಂತಾನವಲ್ಲ. ಹುಟ್ಟು, ಸಾವು ಎರಡೂ ಇದ್ದರೆ ಮಾತ್ರ ಜೀವ ಅನ್ನುವುದು ಅದರ ವಾದ. ಮೊಟೊಕೊ ಒಪ್ಪುತ್ತಾಳೆ. ಹಳೆಯ ಮೊಟೊಕೊ ಅಲ್ಲಿಗೆ ಮುಗಿದಳು. ಒಂದು ಪುಟ್ಟ ಹುಡುಗಿಯ ದೇಹದಲ್ಲಿ ಕಣ್ಣು ಬಿಟ್ಟು, ಬೆಟ್ಟದ ಮೇಲೆ ನಿಂತು ಊರನ್ನು ನೋಡುತ್ತ, ಈಗ ಎಲ್ಲಿಗೆ ಹೋಗಲಿ ಅಂತ ಯೋಚಿಸುತ್ತಾಳೆ. ಸಿನಿಮಾ ಮುಗಿಯುತ್ತದೆ.

2017ರ ಚಿತ್ರದ ನಿರ್ದೇಶಕ ರೂಪರ್ಟ್ ಸ್ಯಾಂಡರ್ಸ್. ಇಲ್ಲಿ ಮೇಜರಿನ ಹೆಸರು ಮೀರಾ ಕಿಲಿಯನ್. ಹಂಕಾ ರೊಬೊಟಿಕ್ಸ್ ಅನ್ನುವ ಕಂಪನಿ ಅವಳ ದೇಹ ಕಟ್ಟಿದೆ. ನಿನ್ನ ಅಪ್ಪ ಅಮ್ಮ ಭಯೋತ್ಪಾದಕರ ದಾಳಿಯಲ್ಲಿ ಸತ್ತರು, ನಿನ್ನನ್ನು ನಾವೇ ಉಳಿಸಿದೆವು ಅಂತ ಅವಳಿಗೆ ಹೇಳಿದ್ದಾರೆ. ಕೂಝೆ ಅನ್ನುವವನು ಹಂಕಾದ ವಿಜ್ಞಾನಿಗಳನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಿದ್ದಾನೆ. ಅವನನ್ನು ಹುಡುಕುತ್ತ ಹೋದಂತೆ ತನಗೆ ಹೇಳಿದ್ದೆಲ್ಲ ಸುಳ್ಳು ಅಂತ ಅವಳಿಗೆ ತಿಳಿಯುತ್ತದೆ. ಅವಳು ಮನೆ ಬಿಟ್ಟು ಹೋಗಿದ್ದ ಜಪಾನೀ ಹುಡುಗಿ, ನಿಜವಾದ ಹೆಸರು ಮೊಟೊಕೊ ಕುಸನಗಿ. ಕಂಪನಿಯವರು ಹಿಡಿದು ಪ್ರಯೋಗಕ್ಕೆ ಬಳಸಿದ್ದರು. ಕೂಝೆ ಅವಳ ಹಳೆಯ ಗೆಳೆಯ, ಅದೇ ಪ್ರಯೋಗದಲ್ಲಿ ಹಾಳಾದವನು.

ಇಲ್ಲೇ ಎರಡೂ ಚಿತ್ರ ಬೇರೆಯಾಗುವುದು. 1995ರ ಮೊಟೊಕೊಗೆ ಹಿಂದಿನ ಕಥೆಯೇ ಇಲ್ಲ. ಯಾರ ಮಗಳು, ಎಲ್ಲಿ ಓದಿದಳು, ದೇಹ ಯಾವಾಗ ಹೋಯಿತು, ಒಂದನ್ನೂ ಒಶಿಯಿ ಹೇಳುವುದಿಲ್ಲ. ಅವಳನ್ನು ಕಾಡುವುದು, ಇನ್ನು ಮುಂದೆ ನಾನು ಏನಾಗಬಹುದು ಅನ್ನುವ ಪ್ರಶ್ನೆ. 2017ರ ಮೀರಾ ಕೇಳುವುದು, ನಾನು ಮೊದಲು ಯಾರಾಗಿದ್ದೆ ಅಂತ. ಒಬ್ಬಳು ಮುಂದೆ ನೋಡುತ್ತಾಳೆ, ಇನ್ನೊಬ್ಬಳು ಹಿಂದೆ ನೋಡುತ್ತಾಳೆ. ಕೊನೆಯಲ್ಲಿ ಕೂಝೆಯೂ ತನ್ನ ಜಾಲಕ್ಕೆ ಬಂದು ಸೇರಿಕೋ ಅಂತ ಕರೆಯುತ್ತಾನೆ. ಮೀರಾ ಬರುವುದಿಲ್ಲ ಅನ್ನುತ್ತಾಳೆ, ತನ್ನ ಜಾಗ ಇಲ್ಲೇ ಅನ್ನುತ್ತಾಳೆ. ಅದೇ ಕರೆ, ತದ್ವಿರುದ್ಧ ಉತ್ತರ. ಬೇರೆ ಉತ್ತರ ಕೊಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಮೊದಲ ಮೊಟೊಕೊ ಆ ಉತ್ತರಕ್ಕೆ ತನ್ನನ್ನೇ ಕೊಟ್ಟುಬಿಡುತ್ತಾಳೆ. ಎರಡನೆಯವಳು ಏನನ್ನೂ ಕಳೆದುಕೊಳ್ಳದೆ, ಕಳೆದದ್ದೆಲ್ಲ ವಾಪಸ್ ಪಡೆದು ಮನೆಗೆ ಹೋಗುತ್ತಾಳೆ. ನನ್ನ ಮಟ್ಟಿಗೆ 2017ರ ಚಿತ್ರದ ನಿಜವಾದ ಸೋಲು ಅದು.

ಅದೇ ದೃಶ್ಯ, ಎರಡು ಸಲ

ಸ್ಯಾಂಡರ್ಸ್ ಮೂಲ ಚಿತ್ರದ ಹಲವು ದೃಶ್ಯಗಳನ್ನು ಹಾಗೆ ಹಾಗೇ ತಂದಿದ್ದಾರೆ. ಮಹಡಿಯಿಂದ ಧುಮುಕುವುದು, ಆಳವಿಲ್ಲದ ನೀರಿನಲ್ಲಿ ಕಣ್ಣಿಗೆ ಕಾಣದೆ ಹೊಡೆದಾಡುವುದು, ಸಮುದ್ರದೊಳಗೆ ಇಳಿಯುವುದು, ಜೇಡದಂಥ ಟ್ಯಾಂಕು. ಪಕ್ಕಪಕ್ಕ ಇಟ್ಟು ನೋಡಿದರೆ ಹೋಲಿಕೆ ಅಚ್ಚುಕಟ್ಟು. ಆದರೆ ದೃಶ್ಯ ಬಂದರೂ ಅದರ ಜೀವ ಬಂದಿದೆಯೇ ಅನ್ನುವುದು ಬೇರೆ ಮಾತು.

ಕಸದ ಲಾರಿಯವನ ದೃಶ್ಯ ತಗೊಳ್ಳಿ. 1995ರ ಚಿತ್ರದಲ್ಲಿ ಒಬ್ಬ ಕಸ ಸಾಗಿಸುವವನು ತನ್ನ ಹೆಂಡತಿ ವಿಚ್ಛೇದನ ಕೇಳುತ್ತಿದ್ದಾಳೆ, ಮಗಳನ್ನು ನೋಡಲು ಬಿಡುತ್ತಿಲ್ಲ ಅಂತ ಜೊತೆಗಾರನ ಹತ್ತಿರ ಅಳಲು ತೋಡಿಕೊಳ್ಳುತ್ತಾನೆ. ಜೇಬಿನಲ್ಲಿರುವ ಮಗಳ ಫೋಟೊ ತೋರಿಸುತ್ತೇನೆ ಅನ್ನುತ್ತಾನೆ. ಸಿಕ್ಕಿಬಿದ್ದ ಮೇಲೆ ವಿಚಾರಣೆ ಕೋಣೆಯಲ್ಲಿ ಅವನ ಮುಂದೆ ಅದೇ ಫೋಟೊ ಇಡುತ್ತಾರೆ. ಅದರಲ್ಲಿ ಮಗಳಿಲ್ಲ. ಇರುವವನು ಅವನೇ. ಅವನಿಗೆ ಮದುವೆಯೇ ಆಗಿಲ್ಲ, ಹತ್ತು ವರ್ಷದಿಂದ ಒಬ್ಬನೇ ಇದ್ದಾನೆ. ಹೆಂಡತಿ, ಮಗಳು, ಜಗಳ, ಎಲ್ಲವನ್ನೂ ಯಾರೋ ಅವನ ತಲೆಗೆ ತುಂಬಿದ್ದಾರೆ. ಇದನ್ನು ತೆಗೆಯಲು ಆಗುತ್ತದೆಯೇ ಅಂತ ಅವನು ಕೇಳಿದಾಗ, ಈಗಿನ ವಿದ್ಯೆಗೆ ಅದು ಕಷ್ಟ ಅನ್ನುವ ಉತ್ತರ ಬರುತ್ತದೆ. ಗಾಜಿನಾಚೆ ನಿಂತ ಮೊಟೊಕೊ ಬಾಯಿ ಬಿಡುವುದಿಲ್ಲ. ಅವಳ ಮುಖದಲ್ಲಿ ಏನೂ ಕಾಣುವುದೂ ಇಲ್ಲ. ಆದರೆ ನೋಡುವ ನಮಗೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ: ಇವನಿಗೆ ಆದದ್ದು ಅವಳಿಗೂ ಆಗಿದ್ದರೆ? ಅವಳ ತಲೆಯೊಳಗೆ ಮೆದುಳು ಇದೆ ಅನ್ನುವುದನ್ನು ಅವಳೇ ಕಣ್ಣಾರೆ ಕಂಡಿಲ್ಲ.

2017ರಲ್ಲೂ ಈ ವಿಚಾರಣೆ ಇದೆ. ಗಾಜಿನ ಕೋಣೆ, ನಡುಗುವ ಮನುಷ್ಯ, ಇಲ್ಲದ ಮಗಳು. ನಟನೆ ಚೆನ್ನಾಗಿದೆ, ಒಂದು ಕ್ಷಣ ಕರುಳು ಚುರ್ ಅನ್ನುತ್ತದೆ. ಆದರೆ ಇಲ್ಲಿ ಮೇಜರಿಗೂ ಆಗಲೇ ಕಣ್ಣ ಮುಂದೆ ಏನೇನೋ ಚಿತ್ರಗಳು ಮಿನುಗಿ ಮಾಯವಾಗುತ್ತಿವೆ, ಔಷಧಿ ತಗೊಳ್ಳುತ್ತಿದ್ದಾಳೆ. ಅವಳ ನೆನಪೂ ಸುಳ್ಳು ಅಂತ ನಮಗೆ ಮೊದಲೇ ಸುಳಿವು ಸಿಕ್ಕಿದೆ. ಹಾಗಾಗಿ ಲಾರಿಯವನು ಮುಂದಿನ ಗುಟ್ಟಿಗೆ ಒಂದು ಮೆಟ್ಟಿಲಾಗುತ್ತಾನೆ ಅಷ್ಟೇ. ಮೂಲದಲ್ಲಿ ಅವನ ದುಃಖ ಅವನದೇ, ಅದಕ್ಕೆ ಪರಿಹಾರವೇ ಇಲ್ಲ.

ಇನ್ನು ಊರು. ಒಶಿಯಿ ತಮ್ಮ ಊರಿಗೆ ಹಾಂಗ್‌ಕಾಂಗ್ ಅನ್ನು ಮಾದರಿಯಾಗಿ ಇಟ್ಟುಕೊಂಡರು. ಚಿತ್ರದ ನಡುವೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಕಥೆ ನಿಂತೇಬಿಡುತ್ತದೆ. ಮಾತಿಲ್ಲ, ಗುಂಡಿನ ಸದ್ದಿಲ್ಲ. ಮೊಟೊಕೊ ದೋಣಿಯಲ್ಲಿ ಕಾಲುವೆ ಉದ್ದಕ್ಕೂ ಹೋಗುತ್ತಾಳೆ. ಕೊಳಕು ನೀರು, ಚೀನೀ ಅಕ್ಷರಗಳ ಬೋರ್ಡುಗಳು, ಕಟ್ಟಡಗಳ ನೆತ್ತಿ ಸವರಿಕೊಂಡು ಹೋಗುವ ವಿಮಾನ. ಆಗ ಹಾಂಗ್‌ಕಾಂಗ್‌ನ ಕೈ ತಕ್ ವಿಮಾನ ನಿಲ್ದಾಣ ಊರಿನ ಮಧ್ಯದಲ್ಲೇ ಇತ್ತು, 1998ರಲ್ಲಿ ಮುಚ್ಚಿತು. ಮೊಟೊಕೊ ತಲೆ ಎತ್ತಿದಾಗ ಒಂದು ಕಿಟಕಿಯ ಹಿಂದೆ ಅವಳದೇ ಮುಖದ ಇನ್ನೊಬ್ಬಳು ಕೂತಿರುತ್ತಾಳೆ. ಅದೇ ಮಾಡೆಲಿನ ದೇಹ ಕೊಂಡವಳೋ, ಬರೀ ಹೋಲಿಕೆಯೋ, ಸಿನಿಮಾ ಹೇಳುವುದಿಲ್ಲ. ಮಳೆ ಬರುತ್ತದೆ. ಮಕ್ಕಳು ಕೊಡೆ ಹಿಡಿದು ಓಡುತ್ತಾರೆ. ಅಂಗಡಿಯ ಗಾಜಿನ ಹಿಂದೆ ಕೈಯಿಲ್ಲದ ಬೊಂಬೆಗಳು ನಿಂತಿವೆ. ಇಡೀ ಚಿತ್ರದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಭಾಗ ಇಲ್ಲ. ಆ ಮೂರು ನಿಮಿಷ ಬೇಸರ ತಂದರೆ ಈ ಚಿತ್ರ ನಿಮಗಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ.

ಹಾಲಿವುಡ್ ಚಿತ್ರದ ಬಹುಪಾಲು ಕೆಲಸ ನಡೆದದ್ದು 2016ರಲ್ಲಿ, ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ. ಕೆಲವು ಬೀದಿ ದೃಶ್ಯಗಳಿಗೆ ತಂಡ ಹಾಂಗ್‌ಕಾಂಗ್‌ಗೂ ಹೋಗಿತ್ತು. ಗಗನಚುಂಬಿಗಳಷ್ಟೇ ಎತ್ತರದ ಬೆಳಕಿನ ಜಾಹೀರಾತು ಗೊಂಬೆಗಳು, ಬೀದಿಯ ಮೇಲೆ ಈಜುವ ಬಣ್ಣದ ಮೀನುಗಳು. ಮೊದಲ ಸಲ ನೋಡಿದಾಗ ಕಣ್ಣು ಅರಳುತ್ತದೆ. ಆದರೆ ಕ್ಯಾಮೆರಾ ಎಲ್ಲೂ ನಿಲ್ಲುವುದಿಲ್ಲ. ಊರು ಹಿನ್ನೆಲೆಯ ಪರದೆಯಾಗಿ ಉಳಿಯುತ್ತದೆ. ಅಲ್ಲಿ ಜನ ವಾಸ ಮಾಡುತ್ತಾರೆ ಅನ್ನಿಸುವುದೇ ಇಲ್ಲ.

ಟ್ಯಾಂಕಿನ ಕಾಳಗದ ಬಗ್ಗೆ ಇಷ್ಟು ಹೇಳಿದರೆ ಸಾಕು. ಮೂಲದಲ್ಲಿ ಅದು ಪಾಳುಬಿದ್ದ ವಸ್ತು ಸಂಗ್ರಹಾಲಯದಲ್ಲಿ ನಡೆಯುತ್ತದೆ. ಗೋಡೆಯ ಮೇಲೆ ಜೀವಿಗಳ ವಂಶವೃಕ್ಷ ಕೆತ್ತಿದ್ದಾರೆ. ಟ್ಯಾಂಕಿನ ಗುಂಡುಗಳು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹೆಸರನ್ನು ಒಡೆಯುತ್ತ, ತುದಿಯಲ್ಲಿರುವ ಮನುಷ್ಯನ ಹತ್ತಿರ ಹೋಗಿ ನಿಲ್ಲುತ್ತವೆ. ಸ್ವಲ್ಪ ಹೊತ್ತಿನಲ್ಲೇ ಮೊಟೊಕೊ ಮನುಷ್ಯಳಾಗಿರುವುದನ್ನು ಬಿಟ್ಟು ಮುಂದಕ್ಕೆ ಹೋಗಲಿದ್ದಾಳೆ. 2017ರಲ್ಲಿ ಟ್ಯಾಂಕು ಇದೆ, ಅವಳು ಅದರ ಮುಚ್ಚಳ ಕೀಳಲು ಹೋಗಿ ತೋಳು ಹರಿದುಕೊಳ್ಳುವುದೂ ಇದೆ. ಮರ ಇಲ್ಲ.

ಸ್ಕಾರ್ಲೆಟ್ ಜೊಹಾನ್ಸನ್ ಮತ್ತು ಜಪಾನೀ ಹುಡುಗಿ

ಚಿತ್ರ ಬರುವ ಮೊದಲೇ ದೊಡ್ಡ ಗಲಾಟೆ ಎದ್ದದ್ದು ಇದರ ಮೇಲೆ. ಜಪಾನೀ ಪಾತ್ರಕ್ಕೆ ಬಿಳಿಯ ನಟಿ ಯಾಕೆ ಅಂತ ಅಮೆರಿಕದಲ್ಲಿ ಪ್ರತಿಭಟನೆಯ ಅರ್ಜಿಗೆ ಜನ ಸಹಿ ಹಾಕಿದರು. ಆಗ ಒಶಿಯಿ ಅವರೇ ಜೊಹಾನ್ಸನ್ ಪರ ನಿಂತರು. ಮೊಟೊಕೊಳ ದೇಹ ಕೃತಕ, ಅದು ಅವಳು ಹುಟ್ಟಿದಾಗಿನದಲ್ಲ, ಹಾಗಿರುವಾಗ ಏಷ್ಯಾದ ನಟಿಯೇ ಬೇಕು ಅನ್ನಲು ಆಧಾರವಿಲ್ಲ ಅನ್ನುವುದು ಅವರ ಮಾತಿನ ಸಾರ.

ಒಶಿಯಿ ಅವರ ಮಾತು ಅವರ ಚಿತ್ರಕ್ಕೆ ಸರಿಹೊಂದುತ್ತದೆ. ಅಲ್ಲಿ ಮೊಟೊಕೊಗೆ ಹಿಂದಿನದು ಅನ್ನುವುದೇ ಇಲ್ಲವಲ್ಲ. ಆದರೆ 2017ರ ಚಿತ್ರ ತಾನೇ ಒಂದು ಹಿಂದಿನ ಕಥೆ ಬರೆದುಕೊಂಡಿದೆ. ಜಪಾನೀ ಹುಡುಗಿಯನ್ನು ಎತ್ತಿಕೊಂಡು ಹೋಗಿ, ಹೆಸರು ಅಳಿಸಿ, ಮೆದುಳನ್ನು ತೆಗೆದು ಬಿಳಿಯ ಹೆಂಗಸಿನ ದೇಹದಲ್ಲಿ ಇಟ್ಟ ಕಂಪನಿಯ ಕಥೆ. ಗೆಳೆಯ ಹಿಡೆಯೊಗೂ, ಅಂದರೆ ಕೂಝೆಗೂ, ಅದೇ ಗತಿ, ಅವನ ಹೊಸ ಮುಖ ಮೈಕಲ್ ಪಿಟ್ ಅವರದು. ಇದು ಎಂಥ ಭಯಾನಕ ವಿಷಯ! ಇದನ್ನೇ ನೇರವಾಗಿ ಎದುರಿಸಿದ್ದರೆ ಚಿತ್ರ ಎಲ್ಲಿಗೋ ಏರುತ್ತಿತ್ತು. ಕನ್ನಡಿ ನೋಡಿಕೊಂಡು, ಇದು ನನ್ನ ಮುಖವೇ ಅಲ್ಲ ಅಂತ ಅವಳು ಒಂದು ಸಲವಾದರೂ ನಡುಗಬೇಕಿತ್ತು. ಆ ಬಿಳಿಯ ಮುಖವನ್ನೇ ಯಾಕೆ ಆರಿಸಿದಿರಿ ಅಂತ ವಿಜ್ಞಾನಿಯನ್ನು ಕೇಳಬೇಕಿತ್ತು. ಯಾರೂ ಕೇಳುವುದಿಲ್ಲ. ಪ್ರಶ್ನೆಯನ್ನು ಚಿತ್ರವೇ ಮೇಜಿನ ಮೇಲೆ ಇಟ್ಟು, ಚಿತ್ರವೇ ಕಣ್ಣು ತಪ್ಪಿಸುತ್ತದೆ. ಇದು ನನಗೆ ನಿಜವಾಗಿಯೂ ನೋವು ತರುವ ವಿಷಯ.

ನಟಿಯ ಶ್ರಮವನ್ನು ನಾನು ತೆಗೆದುಹಾಕುವುದಿಲ್ಲ. ಜೊಹಾನ್ಸನ್ ನಡಿಗೆಯನ್ನು ಗಮನಿಸಿ. ಭುಜ ಮುಂದಕ್ಕೆ ಬಾಗಿ, ಹೆಜ್ಜೆ ಭಾರವಾಗಿ ಬೀಳುತ್ತದೆ. ಯಾರದೋ ದೇಹವನ್ನು ಹೊತ್ತು ನಡೆಯುವವಳ ಹಾಗೆ. ಮೂಲದ ಮೊಟೊಕೊ ಬೊಂಬೆಯ ಹಾಗೆ ಕಣ್ಣು ಮಿಟುಕಿಸುವುದೇ ಅಪರೂಪ, ಅವಳ ನಿಲುವಿನಲ್ಲಿ ತನ್ನ ಕೆಲಸ ಬಲ್ಲವಳ ಆತ್ಮವಿಶ್ವಾಸ. ಎರಡೂ ಯೋಚಿಸಿ ಮಾಡಿದ್ದೇ.

2017ರ ಚಿತ್ರದಲ್ಲಿ ಮಾತ್ರ ಸಿಗುವುದು

ಮೂರು ವಿಷಯಕ್ಕಾಗಿ ಆ ಚಿತ್ರವನ್ನು ನೋಡಲೇಬೇಕು ಅನ್ನುತ್ತೇನೆ.

ಒಂದು, ಒಪ್ಪಿಗೆ. ಮೇಜರಿನ ತಲೆಯೊಳಗಿನ ಮಾಹಿತಿ ಮುಟ್ಟುವಾಗಲೆಲ್ಲ ಡಾಕ್ಟರು ಅವಳ ಒಪ್ಪಿಗೆ ಕೇಳುತ್ತಾರೆ. ಅವಳು ಹೆಸರು ಹೇಳಿ, ಒಪ್ಪಿದ್ದೇನೆ ಅನ್ನುತ್ತಾಳೆ. ಆಮೇಲೆ ಒಂದು ಘಟ್ಟದಲ್ಲಿ ಅವಳು ಒಪ್ಪದಿದ್ದಾಗ ಸತ್ಯ ಹೊರಬೀಳುತ್ತದೆ: ಅವಳ ಒಪ್ಪಿಗೆ ಯಾವತ್ತೂ ಬೇಕಿರಲಿಲ್ಲ. ಸುಮ್ನೆ ಕೇಳುತ್ತಿದ್ದರು. ಫೋನಿನಲ್ಲಿ ಓದದೆಯೇ ‘ಒಪ್ಪಿದ್ದೇನೆ’ ಒತ್ತುವ ನಮಗೆ ಇದು ಚೆನ್ನಾಗಿ ನಾಟುತ್ತದೆ, ಅಲ್ವಾ? 1995ರ ಚಿತ್ರದಲ್ಲಿ ಈ ಎಳೆ ಇಲ್ಲ. ಅಲ್ಲಿ ಮೊಟೊಕೊ ಸರ್ಕಾರಿ ಕೆಲಸ ಬಿಟ್ಟರೆ ದೇಹವನ್ನೂ ನೆನಪಿನ ಒಂದು ಭಾಗವನ್ನೂ ವಾಪಸ್ ಕೊಡಬೇಕು ಅನ್ನುವ ಮಾತು ಮಾತ್ರ ಬಂದು ಹೋಗುತ್ತದೆ. ಹಾಲಿವುಡ್ ಚಿತ್ರ ಸ್ವಂತವಾಗಿ ಯೋಚಿಸಿದ ಜಾಗ ಇದು, ಅದಕ್ಕೆ ಮನ್ನಣೆ ಸಲ್ಲಬೇಕು.

ಎರಡು, ತಾಯಿ. ಕಯೊರಿ ಮೊಮೊಯಿ ಈ ಪಾತ್ರ ಮಾಡಿದ್ದಾರೆ. ಮೇಜರ್ ಒಂದು ಸಣ್ಣ ಮನೆಯ ಬಾಗಿಲು ತಟ್ಟುತ್ತಾಳೆ. ಮುದುಕಿ ಒಳಗೆ ಕರೆದು ಚಹಾ ಕೊಡುತ್ತಾಳೆ, ಸತ್ತುಹೋದ ಮಗಳ ಬಗ್ಗೆ ಮಾತಾಡುತ್ತಾಳೆ. ಎದುರಿಗೆ ಕೂತವಳ ಮುಖ ಅಪರಿಚಿತ. ಆದರೆ ನೋಡುವ ರೀತಿ ಎಲ್ಲೋ ಪರಿಚಿತ. ಮೊಮೊಯಿ ಅಳುವುದಿಲ್ಲ, ಕೂಗುವುದಿಲ್ಲ. ಕಣ್ಣಲ್ಲೇ ಅರ್ಧ ಅರ್ಥವಾಗಿ ಅರ್ಧ ನಂಬದೆ ನಿಲ್ಲುತ್ತಾರೆ. ಚಿತ್ರದ ಸ್ಫೋಟಗಳನ್ನೆಲ್ಲ ಒಂದು ಕಡೆ ಇಟ್ಟರೂ ಈ ನಾಲ್ಕು ಮಾತಿನ ದೃಶ್ಯಕ್ಕೆ ಸಮ ಆಗುವುದಿಲ್ಲ.

ಮೂರು, ತಕೇಶಿ ಕಿತಾನೊ. ಸೆಕ್ಷನ್ 9ರ ಮುಖ್ಯಸ್ಥ ಅರಮಕಿಯಾಗಿ ಇಡೀ ಚಿತ್ರದಲ್ಲಿ ಜಪಾನೀಯಲ್ಲೇ ಮಾತಾಡುತ್ತಾರೆ, ಉಳಿದವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಕಾರಿನ ಮೇಲೆ ಗುಂಡಿನ ದಾಳಿ ಆದಾಗ ಬ್ರೀಫ್‌ಕೇಸನ್ನು ಗುರಾಣಿ ಮಾಡಿಕೊಂಡು, ಹಳೆಯ ರಿವಾಲ್ವರ್ ತೆಗೆದು, ಅವಸರವೇ ಇಲ್ಲದೆ ಉತ್ತರ ಕೊಡುತ್ತಾರೆ. ಮೂಲದ ಅರಮಕಿ ಮೇಜಿನ ಹಿಂದೆ ಕೂತ ಅಧಿಕಾರಿ. ಇವರು ಯಾಕುಝಾ, ಅಂದರೆ ಜಪಾನೀ ಭೂಗತ ಲೋಕದ ಚಿತ್ರಗಳಿಂದ ಎದ್ದು ಬಂದ ಮುದುಕ. ನನಗೆ ಇಬ್ಬರೂ ಇಷ್ಟ.

ಇದರ ಜೊತೆಗೆ ವೇಟಾ ವರ್ಕ್‌ಶಾಪಿನವರ ಕೈಕೆಲಸ. ಮೊದಲ ಹೊಡೆದಾಟದಲ್ಲಿ ಬರುವ ಗೀಶಾ ರೊಬೊಟ್‌ಗಳ ಮುಖವಾಡ, ಮೇಜರಿನ ಅಸ್ಥಿಪಂಜರ, ಇವನ್ನೆಲ್ಲ ಕಂಪ್ಯೂಟರಿಗೇ ಬಿಡದೆ ಕೈಯಿಂದ ಮಾಡಿದ್ದಾರೆ. ಗೀಶಾಳ ಮುಖ ಹೂವಿನ ಹಾಗೆ ಬಿಚ್ಚಿಕೊಂಡು ಒಳಗಿನ ಯಂತ್ರ ಕಾಣುವ ಶಾಟ್ ಇದೆಯಲ್ಲ, ಅದನ್ನು ನಿಲ್ಲಿಸಿ ನೋಡಿ.

ಸಂಗೀತ, ಧ್ವನಿ, ಮತ್ತು ಯಾವ ಪ್ರತಿ

ಕವಾಯ್ ಅವರ ಸಂಗೀತದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಮೊಟೊಕೊಳ ದೇಹ ತಯಾರಾಗುವಾಗ ಕೇಳುವ ಆ ಹಾಡು ಹಳೆಯ ಜಪಾನೀ ಭಾಷೆಯಲ್ಲಿರುವ ಮದುವೆ ಹಾಡು, ನಮ್ಮ ಸೋಬಾನೆ ಪದಗಳ ಜಾತಿಯದು. ಹಾಡಿದವರು ಜಪಾನಿನ ಜನಪದ ಗಾಯಕಿಯರು, ಆದರೆ ಸ್ವರ ಸೇರಿಸಿದ ರೀತಿ ಬಲ್ಗೇರಿಯಾದ ಹೆಂಗಸರ ಮೇಳದ್ದು. ಗುಂಡು, ಯಂತ್ರಗಳ ಚಿತ್ರಕ್ಕೆ ಮದುವೆ ಹಾಡು ಯಾಕೆ ಅಂತ ಮೊದಲು ಹೊಳೆಯುವುದಿಲ್ಲ. ಕೊನೆಯಲ್ಲಿ ಇಬ್ಬರೂ ಒಂದಾಗುವಾಗ ಹೊಳೆಯುತ್ತದೆ. ಎಲ್ಲವೂ ಆ ಮದುವೆಗೆ ತಯಾರಿಯಾಗಿತ್ತು. 2017ರ ಚಿತ್ರಕ್ಕೆ ಕ್ಲಿಂಟ್ ಮ್ಯಾನ್ಸೆಲ್ ಮತ್ತು ಲೋರ್ನ್ ಬಾಲ್ಫ್ ಸಂಗೀತ ಕೊಟ್ಟಿದ್ದಾರೆ. ಕೆಟ್ಟದ್ದಲ್ಲ, ನೆನಪಿನಲ್ಲಿ ಉಳಿಯುವುದೂ ಇಲ್ಲ. ಕವಾಯ್ ಹಾಡು ಅಲ್ಲಿ ಬರುವುದು ಕೊನೆಯಲ್ಲಿ ಹೆಸರುಗಳು ಓಡುವಾಗ.

1995ರದನ್ನು ಜಪಾನೀ ಧ್ವನಿಯಲ್ಲಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಆಗಿನ ಇಂಗ್ಲಿಷ್ ಪ್ರತಿಯ ಕೊನೆಯಲ್ಲಿ ಕವಾಯ್ ಸಂಗೀತ ತೆಗೆದು ಬೇರೆ ಪಾಶ್ಚಾತ್ಯ ಹಾಡು ಹಾಕಿದ್ದರು, ಅದರಿಂದ ಕೊನೆಯ ಕಾವು ಆರಿಹೋಗುತ್ತದೆ. ಮೊಟೊಕೊಗೆ ಧ್ವನಿ ಕೊಟ್ಟವರು ಅತ್ಸುಕೊ ತನಾಕಾ. 2024ರಲ್ಲಿ ಅವರು ತೀರಿಕೊಂಡರು. ಆ ತಗ್ಗಿದ, ದೃಢವಾದ ಧ್ವನಿ ಇಲ್ಲದೆ ನನಗೆ ಮೊಟೊಕೊ ಇಲ್ಲ. 2017ರ ಚಿತ್ರದ ಜಪಾನೀ ಡಬ್ಬಿಂಗಿಗೂ ಅವರನ್ನೇ ಕರೆಸಿದ್ದರು. ಮೊಟೊಕೊಳ ಸಹೋದ್ಯೋಗಿಗಳಾದ ಬಾಟೊ, ಟೊಗುಸಾ ಪಾತ್ರಗಳಿಗೂ ಹಳೆಯ ಧ್ವನಿಗಳೇ. ಆ ಪ್ರತಿ ನಿಮಗೆ ಸಿಕ್ಕರೆ ಅದನ್ನೇ ಹಿಡಿಯಿರಿ. ಜೊಹಾನ್ಸನ್ ಮುಖ, ತನಾಕಾ ಧ್ವನಿ: ಚಿತ್ರ ಹೇಳದೆ ಬಿಟ್ಟ ಮಾತನ್ನು ಆ ಜೋಡಣೆಯೇ ಹೇಳಿಬಿಡುತ್ತದೆ. ಕಳೆದುಹೋದ ಹುಡುಗಿ ಆ ಮುಖದ ಒಳಗಿಂದ ತನ್ನ ಭಾಷೆಯಲ್ಲಿ ಮಾತಾಡಿದ ಹಾಗೆ ಕೇಳಿಸುತ್ತದೆ.

2.0 ಗುರುತಿಸುವುದು ಸುಲಭ. ಶುರುವಿನಲ್ಲೇ ಮಹಡಿಯ ಮೇಲೆ ನಿಂತ ಮೊಟೊಕೊ ಕೈಯಲ್ಲಿ ಬರೆದ ಚಿತ್ರದ ಬದಲು ವಿಡಿಯೊ ಗೇಮಿನ ಪಾತ್ರದಂತೆ ಕಂಡರೆ, ಹಸಿರು ಇದ್ದ ಕಡೆ ಕಿತ್ತಳೆ ಬಣ್ಣ ಕಂಡರೆ, ಅದು 2008ರದು. ಶಬ್ದವನ್ನು ಹೊಸದಾಗಿ ಮಾಡಿದ್ದಾರೆ, ಅದು ಚೆನ್ನಾಗಿದೆ. ಪಪೆಟ್ ಮಾಸ್ಟರಿಗೆ ಗಂಡಸಿನ ಧ್ವನಿ ತೆಗೆದು ಹೆಂಗಸಿನ ಧ್ವನಿ ಹಾಕಿದ್ದಾರೆ. ಹೆಂಗಸಿನ ದೇಹದಿಂದ ಗಂಡಸಿನ ದನಿ ಬರುವಾಗಿನ ಆ ವಿಚಿತ್ರ ಕಂಪನ ಹೋಗಿಬಿಟ್ಟಿದೆ. ಮೊದಲ ಸಲಕ್ಕೆ ಇದು ಬೇಡವೇ ಬೇಡ.

ಯಾರಿಗೆ ಯಾವುದು

ಅನಿಮೆ ಅಂದರೆ ಮಕ್ಕಳ ಚಿತ್ರ ಅಂದುಕೊಂಡ ಗೆಳೆಯರನ್ನು ಒಲಿಸಬೇಕೆಂದಿದ್ದರೆ 1995ರದನ್ನೇ ಹಾಕಿ. ಆದರೆ ಮನೆಮಂದಿಯೆಲ್ಲ ಕೂತಾಗ ಬೇಡ. ಬೆತ್ತಲೆ ದೇಹ ಇದೆ, ತಲೆ ಸಿಡಿಯುವ ದೃಶ್ಯ ಇದೆ. 2017ರದಕ್ಕೆ ಅಮೆರಿಕದಲ್ಲಿ ಪಿಜಿ-13 ಕೊಟ್ಟಿದ್ದಾರೆ, ಹದಿಹರೆಯದವರ ಜೊತೆ ನೋಡಲು ಅಡ್ಡಿಯಿಲ್ಲ.

ದಿನವಿಡೀ ದುಡಿದು ಬಂದು ರಾತ್ರಿ ಏನಾದರೂ ಹಾಕಿಕೊಂಡು ಕೂರುವವರಿಗೆ 2017ರದು ಸಲೀಸು. ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಅದು ಬಿಡಿಸಿ ಹೇಳುತ್ತದೆ. ಮೂಲ ಚಿತ್ರದಲ್ಲಿ ಮಾತು ದಟ್ಟ. ಸೆಕ್ಷನ್ 6 ಏನು, ಸೆಕ್ಷನ್ 9 ಏನು, ವಿದೇಶಾಂಗ ಇಲಾಖೆ ಯಾಕೆ ಮುಚ್ಚಿಡುತ್ತಿದೆ, ಇದೆಲ್ಲ ಒಂದೇ ಸಲಕ್ಕೆ ತಲೆಗೆ ಹೋಗುವುದಿಲ್ಲ. ಹೋಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ರಾಜಕೀಯದ ಎಳೆ ಬಿಟ್ಟು ಮೊಟೊಕೊಳನ್ನು ಮಾತ್ರ ಹಿಂಬಾಲಿಸಿ. ಎರಡನೇ ಸಲ ನೋಡಿದಾಗ ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ.

2017ರದನ್ನೇ ಮೊದಲು ನೋಡಿಬಿಟ್ಟವರು ಬೇಸರ ಪಡಬೇಕಿಲ್ಲ. ಅದು ಸೋತ ಚಿತ್ರ ಅಂತ ಹೆಸರು ಪಡೆದಿದೆ. ಸುಮಾರು 11 ಕೋಟಿ ಡಾಲರ್ ಖರ್ಚಾಗಿ, ಜಗತ್ತಿನಾದ್ಯಂತ ಗಳಿಸಿದ್ದು 17 ಕೋಟಿ ಡಾಲರ್ ಆಸುಪಾಸು. ಪ್ರಚಾರದ ಖರ್ಚು, ಥಿಯೇಟರಿನವರ ಪಾಲು ಕಳೆದರೆ ಅದು ನಷ್ಟದ ಲೆಕ್ಕ. ಆದರೆ ಅದರಿಂದ ಮೂಲಕ್ಕೆ ಬರುವವರಿಗೆ ಒಂದು ಅನುಕೂಲ ಇದೆ. ಗುಟ್ಟು ಒಡೆದು ಹೋಗುವುದಿಲ್ಲ. ಕಥೆಯೇ ಬೇರೆ.

ಇವೆರಡೂ ಮುಗಿದ ಮೇಲೆ ದಾರಿ ಕವಲೊಡೆಯುತ್ತದೆ. ಒಶಿಯಿ ಅವರ ಮೌನ ಹಿಡಿಸಿದವರು ಇನ್ನೊಸೆನ್ಸ್‌ಗೆ ಹೋಗಿ. ಮೊಟೊಕೊ ಹೋದ ಮೇಲೆ ಬಾಟೊ ತನ್ನ ಬ್ಯಾಸೆಟ್ ನಾಯಿಯ ಜೊತೆ ಒಬ್ಬನೇ ಉಳಿದ ಕಥೆ. 2004ರಲ್ಲಿ ಕಾನ್ ಚಿತ್ರೋತ್ಸವದ ಮುಖ್ಯ ಸ್ಪರ್ಧೆಯಲ್ಲಿತ್ತು. ನೋಡಲು ಇನ್ನೂ ಚೆಂದ, ಅರ್ಥವಾಗಲು ಇನ್ನೂ ಕಷ್ಟ.

ತಂಡ, ತನಿಖೆ, ಹರಟೆ ಇಷ್ಟಪಡುವವರಿಗೆ ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್ ಸರಣಿ. ನಿರ್ದೇಶನ ಕೆಂಜಿ ಕಮಿಯಾಮಾ, ಸಂಗೀತ ಯೋಕೊ ಕನ್ನೊ. ಒಂದು ಸೀಸನ್‌ಗೆ 26 ಕಂತು, ಎರಡು ಸೀಸನ್. ಇಲ್ಲಿಯ ಮೊಟೊಕೊ ನಗುತ್ತಾಳೆ, ರೇಗಿಸುತ್ತಾಳೆ. ಟಚಿಕೋಮಾ ಅನ್ನುವ ನೀಲಿ ಟ್ಯಾಂಕುಗಳು ಮಕ್ಕಳ ದನಿಯಲ್ಲಿ ಸಾವು, ದೇವರು ಅಂತ ಚರ್ಚೆ ಮಾಡುತ್ತವೆ. ಮೊದಲ ಕಂತಿನಲ್ಲೇ ಗೀಶಾ ರೊಬೊಟ್‌ಗಳು ಒತ್ತೆಯಾಳುಗಳನ್ನು ಹಿಡಿಯುತ್ತವೆ. 2017ರ ಚಿತ್ರದ ಶುರುವಿನ ಹೊಡೆದಾಟ ಎಲ್ಲಿಂದ ಬಂತು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೂಝೆ ಕೂಡ ಈ ಸರಣಿಯವನೇ, ಎರಡನೇ ಸೀಸನ್ನಿನಲ್ಲಿ ಬರುತ್ತಾನೆ. ಹಾಲಿವುಡ್ಡಿನವರು ತೋರಿಸಿದ್ದಕ್ಕಿಂತ ಬಹಳ ದೊಡ್ಡ ಪಾತ್ರ. ಅವನ ಮತ್ತು ಮೊಟೊಕೊಳ ಬಾಲ್ಯ, ಕಾಗದದ ಕೊಕ್ಕರೆಗಳು, ಅದರ ಕಥೆ ಅದೇ ಎರಡನೇ ಸೀಸನ್ನಿನ 11ನೇ ಕಂತಿನಲ್ಲಿದೆ. ಪೂರ್ತಿ ಸರಣಿಗೆ ಪುರುಸೊತ್ತು ಇಲ್ಲದಿದ್ದರೂ ಆ ಒಂದು ಕಂತನ್ನು ಬಿಡಬೇಡಿ.